ಕರಿಸಿದ್ದಪ್ಪನವರ ಬಿಳಿ ಅಂಗಿ

ಕೊಟ್ಟೂರಿನಲ್ಲಿ ಮಂಡಕ್ಕಿ ಅಂಗಡಿ ಇಟ್ಟಿರುವ ಕರಿಸಿದ್ದಪ್ಪನವರು ಬಿಳಿಯ ವಿಷಯದಲ್ಲಿ ಯಾರೊಂದಿಗೂ ರಾಜಿಯಾದವರಲ್ಲ. ಅಂಗಿ ಬಿಳಿ, ಧೋತರ ಬಿಳಿ, ಹೆಗಲ ಮೇಲಿನ ಟವೆಲ್ಲೂ ಬಿಳಿ. ಇನ್ನು ಮಂಡಕ್ಕಿಯಂತೂ ಮಲ್ಲಿಗೆ ಮೊಗ್ಗಿನಂತೆ ಇರಬೇಕು. ಇಂಥವರಿಗೆ ಅರವತ್ತು ದಾಟಿದ ಮೇಲೆ ಲೋಕದಲ್ಲಿ ಬಿಳಿಯೆಂಬುದೇ ಕಡಿಮೆಯಾಗುತ್ತಿದೆ ಎನ್ನಿಸತೊಡಗಿತು.

ಮೊದಲು ಸಿಕ್ಕಿಬಿದ್ದವರು ಹೆಂಡತಿ ಕೊಟ್ರಬಸಮ್ಮ.

"ಏನಿದು, ಅಂಗಿ ಅರಿಶಿಣದಾಗ ಅದ್ದಿದಂಗ ಐತಿ? ನೀಲಿ ಹಾಕಿಲ್ಲೇನು?"

"ಹಾಕೀನ್ರಿ. ಜಾಸ್ತೀನ ಹಾಕೀನಿ. ಅಂಗಿ ನೀಲಿ ಆಗೈತಿ ನೋಡ್ರಿ."

"ನಿನ್ನ ಕಣ್ಣು ಹೋಗ್ಯಾವ. ಇನ್ನಷ್ಟು ಹಾಕು."

ಕೊಟ್ರಬಸಮ್ಮ ಇನ್ನಷ್ಟು ಹಾಕಿದರು. ಗಂಡನೊಂದಿಗೆ ವಾದ ಮಾಡುವುದಕ್ಕಿಂತ ನೀಲಿ ಅಗ್ಗವೆಂದು ಆಕೆಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಹೀಗೆ ಕರಿಸಿದ್ದಪ್ಪನವರು ಅಚ್ಚ ಬಿಳಿ ಉಟ್ಟಿದ್ದೇನೆಂಬ ಗತ್ತಿನಲ್ಲಿ ತಿಳಿನೀಲಿ ಉಟ್ಟು ಊರೆಲ್ಲ ಓಡಾಡಿದರು. ಓಣಿಯವರು ಬೆನ್ನ ಹಿಂದೆ ಅವರಿಗೆ ಮುಗಿಲಪ್ಪ ಎಂದು ಹೆಸರಿಟ್ಟರು. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಏನೋ ಹರಕೆ ಇರಬೇಕೆಂದು ಕೆಲವರು ನಂಬಿದ್ದರು. ಹೊಸದಾಗಿ ಬಂದ ಬ್ಯಾಂಕ್ ಮ್ಯಾನೇಜರ್ ಮಾತ್ರ, "ನಿಮ್ಮದು ಯಾವ ಕಂಪನಿ ಯೂನಿಫಾರಂ ಸರ್?" ಎಂದು ಕೇಳಿದ. ತಮ್ಮ ಶಿಸ್ತನ್ನು ಹೊಗಳುತ್ತಿದ್ದಾನೆಂದು ತಿಳಿದು ಕರಿಸಿದ್ದಪ್ಪನವರು ಅವನಿಗೆ ಚಹಾ ತರಿಸಿದರು.

ಎರಡನೆಯವನು ಎರ್ರೆಪ್ಪ. ಭಟ್ಟಿಯಲ್ಲಿ ಮಂಡಕ್ಕಿ ಹುರಿದು ಚೀಲ ತುಂಬಿ ಅಂಗಡಿಗೆ ತಂದು ಹಾಕುವವನು. ಅವನ ಚೀಲಗಳು ಒಂದರ ಹಿಂದೆ ಒಂದು ವಾಪಸಾದವು.

"ಹಳದಿ ಮಂಡಕ್ಕಿ ತಂದು ನನ್ನ ಅಂಗಡಿ ಹೆಸರು ಕೆಡಸ್ತೀ ಏನಲೇ?"

"ಬೆಳಕಿಗೆ ಹಿಡಿದು ನೋಡ್ರಿ ಸಾವ್ಕಾರ್ರೇ!"

ಬೆಳಕಿಗೆ ಹಿಡಿದರೆ ಸಾವ್ಕಾರರಿಗೆ ಇನ್ನೂ ಹಳದಿಯಾಗಿ ಕಾಣುತ್ತಿತ್ತು. ಬೆಳಕೂ ಅವರಿಗೆ ಆಗಿಬರುತ್ತಿರಲಿಲ್ಲ. ಸಂಜೆ ಎದುರಿಂದ ಬರುವ ಬೈಕಿನ ದೀಪ ಸಿಡಿದು ಹರಡಿದಂತೆ ಕಾಣುತ್ತಿತ್ತು. ಅದಕ್ಕೆ ಬೈಕು ಓಡಿಸುವವರನ್ನು ಬೈದರು. ಅಂಗಡಿಯ ಬಲ್ಬು ಮಂಕಾಗಿದೆಯೆಂದು ಬದಲಿಸಿದರು. ತಮ್ಮ ಕಣ್ಣೊಂದನ್ನು ಬಿಟ್ಟು ಅವರು ಅನುಮಾನಿಸದ ವಸ್ತುವೇ ಉಳಿಯಲಿಲ್ಲ.

ಅಷ್ಟರಲ್ಲಿ ಊರ ಶಾಲೆಯಲ್ಲಿ ಕಣ್ಣು ತಪಾಸಣೆಯ ಶಿಬಿರ ನಡೆಯಿತು. ಕರಿಸಿದ್ದಪ್ಪನವರು ಹೆಂಡತಿಯನ್ನು ಕರೆದುಕೊಂಡು ಹೋದರು. ಡಾಕ್ಟರ್ ಅರ್ಚನಾ ನೋಡಿ ಹೇಳಿದರು: "ಅಮ್ಮನಿಗೆ ಪೊರೆ ಇಲ್ಲ. ಓದೋಕೆ ಕನ್ನಡಕ ಬೇಕು, ಅಷ್ಟೇ."

"ಇನ್ನೊಂದು ಸಲ ನೋಡ್ರಿ ಡಾಕ್ಟ್ರೇ. ಆಕಿಗೆ ಬಣ್ಣಾನ ಗೊತ್ತಾಗಂಗಿಲ್ಲ."

ಡಾಕ್ಟರು ಅವರ ಅಂಗಿಯನ್ನು ಒಂದು ಗಳಿಗೆ ನೋಡಿದರು. "ಯಜಮಾನ್ರೇ, ನಿಮ್ಮ ಅಂಗಿ ಯಾವ ಬಣ್ಣ?"

"ಬಿಳಿ. ಸ್ವಲ್ಪ ಹಳದಿ ಹೊಡೀತೈತಿ. ಈಕಿ ಒಗಿಯೋದ ಹಂಗ."

ಕೊಟ್ರಬಸಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಡಾಕ್ಟರು ನಗಲಿಲ್ಲ. "ನೀವೂ ಸ್ವಲ್ಪ ಕೂತ್ಕೊಳ್ಳಿ" ಎಂದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನದು ಚೆನ್ನಾಗಿ ಬಲಿತಿತ್ತು. ಡಾಕ್ಟರು ಬಿಡಿಸಿ ಹೇಳಿದರು: ಹನಿ ಹಾಕಿ ಕಣ್ಣನ್ನು ಮರಗಟ್ಟಿಸುತ್ತೇವೆ, ಮಂಜಾದ ಮಸೂರ ತೆಗೆದು ಹೊಸದನ್ನು ಕೂರಿಸುತ್ತೇವೆ, ನೋವಾಗುವುದಿಲ್ಲ, ಒತ್ತಿದಂತೆ ಅನ್ನಿಸಬಹುದು, ಎಚ್ಚರವಾಗಿಯೇ ಇರುತ್ತೀರಿ, ಬೇಗ ಮುಗಿಯುತ್ತದೆ. ಇಷ್ಟರಲ್ಲಿ ಕರಿಸಿದ್ದಪ್ಪನವರ ಕಿವಿಗೆ ಬಿದ್ದದ್ದು ಎಚ್ಚರವಾಗಿಯೇ ಇರುತ್ತೀರಿ ಎಂಬುದು ಮಾತ್ರ.

ಹಗರಿಬೊಮ್ಮನಹಳ್ಳಿಯ ಕಣ್ಣಾಸ್ಪತ್ರೆಯಲ್ಲಿ ಅವರನ್ನು ಮಲಗಿಸಿ, ಮುಖಕ್ಕೆ ಹಸಿರು ಬಟ್ಟೆ ಹೊದಿಸಿ, "ಅಲ್ಲಾಡಬೇಡಿ" ಎಂದ ಕೂಡಲೇ ಮೂಗು ತುರಿಸಿತು. ಕತ್ತಿ ಕಾಣುತ್ತದೆಂದು ಕಾದಿದ್ದರು. ಕಂಡದ್ದು ಬೆಳಕು, ಅದರೊಳಗೆ ತೇಲಾಡುವ ಗುಲಾಬಿ, ಹಸಿರು. ನರ್ಸಮ್ಮನ ಕೈ ಹಿಡಿದವರು ಬಿಡಲಿಲ್ಲ. "ಮುಗೀತೇನ್ರಿ?" ಎಂದು ಶುರುವಾಗುವ ಮೊದಲೇ ಕೇಳಿದರು. ಮುಗಿದ ಮೇಲೆ, "ಶುರು ಯಾವಾಗ?" ಎಂದರು.

ಮರುದಿನ ಬೆಳಿಗ್ಗೆ ತಮ್ಮ ಅಂಗಿ ತೊಟ್ಟು ಕೂತಿದ್ದಾಗ ಕಣ್ಣಿನ ಮೇಲಿನ ಮುಚ್ಚಳ ತೆಗೆದರು. ಗೋಡೆ ಸುಣ್ಣದಷ್ಟು ಬೆಳ್ಳಗಿತ್ತು. ಕರಿಸಿದ್ದಪ್ಪನವರಿಗೆ ಹಳೆಯ ನೆಂಟನನ್ನು ಕಂಡಷ್ಟು ಸಂತೋಷವಾಯಿತು. ಆಮೇಲೆ ತಲೆ ಬಗ್ಗಿಸಿದರು.

"ಇದು ಯಾರ ಅಂಗಿ?"

"ನಿಮ್ದ ರೀ."

ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು: ಮಾಸಲು ಬಿಳಿ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು: ನೀಲಿ, ಸಂಶಯವೇ ಇಲ್ಲದ ನೀಲಿ.

"ಮಂದಿ ನೋಡ್ಯಾರೇನು?" ದನಿ ತಗ್ಗಿತ್ತು.

"ಊರೆಲ್ಲಾ ನೋಡೈತ್ರಿ. ನೀವೊಬ್ರ ನೋಡಿದ್ದಿಲ್ಲ."

ಮನೆಗೆ ಬಂದವರು ಅಂಗಡಿಯ ಕಡೆ ತಲೆ ಹಾಕುವಂತಿರಲಿಲ್ಲ. ಮಂಡಕ್ಕಿಯ ದೂಳು ಕಣ್ಣಿಗೆ ಆಗದು. ತಲೆಗೆ ನೀರು ಹಾಕಬಾರದು, ಕಣ್ಣು ಉಜ್ಜಬಾರದು, ಭಾರ ಎತ್ತಬಾರದು. ಹೊತ್ತು ಹೊತ್ತಿಗೆ ಕೊಟ್ರಬಸಮ್ಮ ಹನಿ ಹಾಕುತ್ತಿದ್ದರು. ಕಣ್ಣಲ್ಲಿ ಮರಳು ಬಿದ್ದಂತಾಗಿ ನೀರು ಬಂದಾಗ ಕಣ್ಣೇ ಹೋಯಿತೆಂದು ಕರಿಸಿದ್ದಪ್ಪನವರು ಡಾಕ್ಟರಿಗೆ ಫೋನು ಹಚ್ಚಿದರು. ಮೊದಮೊದಲು ಹಾಗಾಗುವುದುಂಟು, ಆದರೆ ನೋವು ಜೋರಾದರೆ, ಕಾಣುವುದು ಕಡಿಮೆಯಾದರೆ ತಡಮಾಡದೆ ಬನ್ನಿ ಎಂದರು ಡಾಕ್ಟರು. ಹಾಗೇನೂ ಆಗಲಿಲ್ಲ. ಎಡಗಣ್ಣಿನ ಆಪರೇಷನ್ನೂ ಆಯಿತು. ಎರಡೂ ಕಣ್ಣಿನಿಂದ ದೂರದ ಬಸ್ಸಿನ ಬೋರ್ಡು ಓದಿದರು, ಪೇಪರ್ ಓದಲಾಗಲಿಲ್ಲ. ಹೊಸ ಕಣ್ಣಿಗೂ ಕನ್ನಡಕವೇ ಎಂದು ಡಾಕ್ಟರೊಂದಿಗೆ ವಾದ ಮಾಡಿ, ಸೋತು, ಕನ್ನಡಕ ಹಾಕಿಕೊಂಡರು.

ಅಂಗಡಿಯ ಗಲ್ಲೆಗೆ ಮರಳಿದ ಮೇಲೆ ಕರಿಸಿದ್ದಪ್ಪನವರು ಆಪರೇಷನ್ನಿನ ವಿಷಯದಲ್ಲಿ ಊರಿಗೆ ಹಿರಿಯರಾದರು. "ಚಹಾ ಕುಡಿದಷ್ಟು ಸಲೀಸು. ಆ ಡಾಕ್ಟರಮ್ಮಗ ನಾನ ಧೈರ್ಯ ಹೇಳಿದೆ!" ಎನ್ನುತ್ತಿದ್ದರು. ಪಕ್ಕದಲ್ಲಿ ಕೊಟ್ರಬಸಮ್ಮ ಮಂಡಕ್ಕಿ ಅಳೆಯುತ್ತಿದ್ದರು.

ಒಂದು ದಿನ ಎರ್ರೆಪ್ಪ ಚೀಲ ಹೊತ್ತು ಬಂದವನು ಅಂಗಡಿಯ ಮೆಟ್ಟಿಲು ಕಾಣದೆ ಎಡವಿದ. ಅವನ ಕಣ್ಣಲ್ಲೂ ಪೊರೆ ಬೆಳ್ಳಗೆ ಹೊಳೆಯುತ್ತಿತ್ತು.

"ನಾಳೇನ ಆಸ್ಪತ್ರಿಗೆ ಹೋಗಲೇ," ಎಂದರು ಕರಿಸಿದ್ದಪ್ಪನವರು.

"ನಿಮ್ಗ ಗುಂಡಿಗಿ ಐತ್ರಿ. ಡಾಕ್ಟರಿಗೇ ಧೈರ್ಯ ಹೇಳಿದೋರು ನೀವು. ನನಗ ಸೂಜಿ ಕಂಡ್ರ ನಡುಕ. ಅದು ನಮ್ಮಂಥ ಅಂಜುಬುರುಕರಿಗಲ್ಲ ಬಿಡ್ರಿ."

ಕರಿಸಿದ್ದಪ್ಪನವರು ಹೆಂಡತಿಯತ್ತ ನೋಡಿದರು. ಆಕೆ ಅಳೆಯುವುದನ್ನು ನಿಲ್ಲಿಸಿದ್ದರು, ಸಹಾಯಕ್ಕೆ ಮಾತ್ರ ಬರಲಿಲ್ಲ.

"ಎಲ್ಲಾ ಸುಳ್ಳಲೇ ಎರ್ರೆಪ್ಪ," ಎಂದರು ಕೊನೆಗೆ. "ನಾನೂ ನಡುಗಿದೆ. ನರ್ಸಮ್ಮನ ಕೈ ಕೆಂಪಾಗೋ ಹಂಗ ಹಿಡಿದಿದ್ದೆ. ನೋವಾಗಲಿಲ್ಲ, ಅದೊಂದು ಖರೆ."

"ಮತ್ತ ನಾ ತಂದ ಮಂಡಕ್ಕಿ?"

"ಬೆಳ್ಳಗ ಇದ್ದಿರಬೇಕು."

ಎರ್ರೆಪ್ಪ ಚೀಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, "ನೀವು ಬಂದ್ರ ಬರ್ತೀನ್ರಿ" ಎಂದ.

ಆಪರೇಷನ್ ದಿನ ಕರಿಸಿದ್ದಪ್ಪನವರು ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಏನೋ ಟಣ್ ಎಂದಿತು. ಅವರ ಹಣೆ ಬೆವರಿ, ಕಣ್ಣು ಕತ್ತಲಿಟ್ಟಿತು. ನರ್ಸಮ್ಮ ಓಡಿಬಂದು ನೀರು ಕುಡಿಸಿ ಗಾಳಿ ಹಾಕುತ್ತಿದ್ದಾಗ ಎರ್ರೆಪ್ಪ ತಾನಾಗಿಯೇ ನಡೆದು ಹೊರಗೆ ಬಂದ.

"ಸಾವ್ಕಾರ್ರಿಗೆ ಏನಾತ್ರಿ?" ಎಂದು ಕೇಳಿದ.

ಕೊಟ್ಟೂರಿನ ಬಸ್ಸು ಹತ್ತುವಾಗ ಒಂದು ಕಣ್ಣು ಮುಚ್ಚಿಸಿಕೊಂಡಿದ್ದ ಎರ್ರೆಪ್ಪನೇ ಕರಿಸಿದ್ದಪ್ಪನವರ ತೋಳು ಹಿಡಿದಿದ್ದ. ಕಂಡಕ್ಟರು ಸಾವ್ಕಾರರ ಕಡೆ ಕೈ ತೋರಿಸಿ, "ಪೇಷಂಟಿಗೆ ಜಾಗ ಬಿಡ್ರೀ" ಎಂದು ಕೂಗಿದ. ಅವರು ಇಲ್ಲವೆನ್ನದೆ ಕೂತರು.