ಒಂದೇ ದಿಕ್ಕಿಗೆ ಮಲಗಿದ ಹನಿಗಳು

ಸ್ವಿಚ್ ಒತ್ತಿದರೆ ತಿಳಿಯಾಗುವ, ಆರಿಸಿದರೆ ಹಾಲಿನಂತೆ ಮಸುಕಾಗುವ ಗಾಜುಗಳಿವೆಯಲ್ಲ, ಅವುಗಳ ಮೇಲಿನ ತೆಳು ಫಿಲ್ಮಿನ ಒಳಗೆ ಏನು ನಡೆಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ವೈಟ್‌ಫೀಲ್ಡಿನಲ್ಲಿ ನನ್ನ ಕೆಲಸ. ಅದರಲ್ಲಿ ಟಿವಿ ಪರದೆಯಲ್ಲಿರುವಂಥ ದ್ರವಸ್ಫಟಿಕವೂ ಪ್ಲಾಸ್ಟಿಕ್ಕಿನಂಥ ಪಾಲಿಮರೂ ಮೊದಲು ಬೆರೆತಿರುತ್ತವೆ. ಪಾಲಿಮರ್ ಗಟ್ಟಿಯಾಗುತ್ತ ಬಂದಂತೆ ಎರಡೂ ಬೇರೆಯಾಗಿ, ದ್ರವಸ್ಫಟಿಕ ಸಣ್ಣ ಹನಿಗಳಾಗಿ ನಿಲ್ಲುತ್ತದೆ. "ಸಾರಲ್ಲಿ ಎಣ್ಣೆ ತೇಲೋದನ್ನ ನೋಡೋಕೆ ಸಂಬಳ ಕೊಡ್ತಾರಾ?" ಎಂದು ಅಮ್ಮ ಕೇಳಿದ್ದಳು.

ನಮ್ಮ ಗಿರಾಕಿಗಳ ಪೀಣ್ಯದ ಕಾರ್ಖಾನೆಯಿಂದ ಬಂದ ಫಿಲ್ಮಿನಲ್ಲಿ ಹನಿಗಳು ದುಂಡಗಿರಲಿಲ್ಲ. ಉದ್ದುದ್ದವಾಗಿ, ಒಂದೇ ದಿಕ್ಕಿಗೆ ಮಲಗಿದ್ದವು. ಒಂದು ಬೆಳಗ್ಗೆ ಪಕ್ಕದ ಮೇಜಿನ ಗೆಳೆಯ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅವನ ಲೆಕ್ಕದಿಂದ ಬಂದ ಚಿತ್ರದಲ್ಲೂ ಹನಿಗಳು ಹಾಗೇ ಮಲಗಿದ್ದವು.

"ಹೆಂಗೈತೆ ಮಗಾ?"

ನಮ್ಮ ತಂಡ ನಡೆಸುವ ಮೇಡಂ ಹಿಗ್ಗಿದರು. ಗಿರಾಕಿಗಳಿಗೆ ಇದನ್ನೇ ತೋರಿಸೋಣ ಎಂದರು.

ನನಗೆ ಮಾತ್ರ ಅದು ಗಂಟಲಿನಿಂದ ಕೆಳಗಿಳಿಯಲಿಲ್ಲ. ಅವನ ಸಮೀಕರಣದಲ್ಲಿ ದಿಕ್ಕಿನ ಸುದ್ದಿಯೇ ಇರಲಿಲ್ಲ. ಮತ್ತೆ ಹನಿಗಳಿಗೆ ದಿಕ್ಕು ಹೇಳಿಕೊಟ್ಟವರು ಯಾರು? ಕಾರ್ಖಾನೆಯ ಚಿತ್ರ ನೋಡಿಕೊಂಡು ಇವನೇ ಏನೋ ತಿದ್ದಿದ್ದಾನೆ ಅನ್ನಿಸಿತು. ನಾನು ಹತ್ತಿರ ಹೋದಾಗ ಅವನು ಪರದೆಯ ಮೇಲಿನ ಕಿಟಕಿ ಮುಚ್ಚಿದರೂ ಅನುಮಾನ, ಮುಚ್ಚದಿದ್ದರೂ ಅನುಮಾನ. ಊಟದ ಹೊತ್ತಿಗೆ ಅವನಿಗೂ ವಾಸನೆ ಹತ್ತಿತು.

"ನನ್ ಮೇಲೆ ಡೌಟಾ?"

"ಹನಿಗಳ ಮೇಲೆ ಕಣೋ," ಎಂದೆ. ಅವನು ನಂಬಲಿಲ್ಲ.

"ತಗೋ, ಪೂರ್ತಿ ಕೋಡ್ ಕಳಿಸ್ತೀನಿ. ನೀನೇ ಓಡಿಸ್ಕೋ."

ಓಡಿಸಿದೆ. ಅದೇ ಚಿತ್ರ ಬಂತು. ಅವನು ಏನನ್ನೂ ತಿದ್ದಿರಲಿಲ್ಲ. ನನ್ನ ಮುಖ ಸಣ್ಣದಾಯಿತು, ಆದರೂ ಸಮಾಧಾನವಾಗಲಿಲ್ಲ. ಫಿಲ್ಮನ್ನು ಲೆಕ್ಕಕ್ಕಾಗಿ ಸಣ್ಣ ಸಣ್ಣ ಮನೆಗಳಾಗಿ ಭಾಗ ಮಾಡಿರುತ್ತೇವೆ. ಲೆಕ್ಕ ಬೇಗ ಮುಗಿಯಲೆಂದು ಅವನು ಆ ಮನೆಗಳನ್ನು ಚೌಕವಾಗಿಡದೆ ಉದ್ದಕ್ಕೆ ಎಳೆದಿದ್ದ. ನಾನು ಉದ್ದವನ್ನು ಅಡ್ಡಕ್ಕೆ ತಿರುಗಿಸಿದೆ. ಹನಿಗಳೂ ಅಡ್ಡಕ್ಕೆ ತಿರುಗಿದವು. ಚೌಕ ಮಾಡಿದೆ. ದುಂಡಗಾದವು.

ಅವನನ್ನು ಕರೆದು ತೋರಿಸಿದೆ. ಅವನೂ ಮನೆಗಳನ್ನು ಒಮ್ಮೆ ತಿರುಗಿಸಿ ನೋಡಿದ.

"ಹಂಗಾದ್ರೆ ನಿಜವಾದ ಫಿಲ್ಮಲ್ಲಿ ಯಾಕೆ ಉದ್ದ ಇದಾವೆ?" ಎಂದ ಕೊನೆಗೆ.

ಇಬ್ಬರೂ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಪೀಣ್ಯಕ್ಕೆ ಹೋದೆವು. ಅಲ್ಲಿ ಫಿಲ್ಮು ಪೂರ್ತಿ ಗಟ್ಟಿಯಾಗುವ ಮೊದಲೇ ರೋಲರ್ ಅದನ್ನು ಬಿಗಿಯಾಗಿ ಎಳೆಯುತ್ತಿತ್ತು. ಎಳೆತ ಸ್ವಲ್ಪ ಸಡಿಲ ಮಾಡುತ್ತೀರಾ ಎಂದು ಮೆಷಿನ್ ನಡೆಸುವವರನ್ನು ಕೇಳಿದೆ. ಅವರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಫಿಲ್ಮ್ ಕೆಟ್ರೆ ನನ್ನ ಕೇಳ್ತಾರೆ. ಆಗ ನೀವೇ ಉತ್ತರ ಹೇಳ್ಬೇಕು ಸಾರ್."

ಹೇಳುತ್ತೇವೆ ಎಂದೆವು. ಸಡಿಲಿಸಿ ತೆಗೆದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಹೆಚ್ಚುಕಡಿಮೆ ಎಲ್ಲ ಹನಿಗಳೂ ದುಂಡಗಿದ್ದವು. ಫಿಲ್ಮಿನ ಹನಿಗಳನ್ನು ಉದ್ದ ಮಾಡಿದ್ದು ರೋಲರ್, ಅವನ ಲೆಕ್ಕದಲ್ಲಿ ಉದ್ದ ಮಾಡಿದ್ದು ಮನೆಗಳು; ಎರಡು ಚಿತ್ರ ಹೊಂದಿಕೊಂಡಿದ್ದು ಬರೀ ಆಕಸ್ಮಿಕ.

ಮೇಡಮ್ಮಿಗೆ ಅವನೇ ಹೋಗಿ ಹೇಳಿದ. ಅವರು ಸಿಟ್ಟಾಗಿದ್ದು ನನ್ನ ಮೇಲೆ. "ಸರಿಯಾಗಿ ಹೊಂದ್ತಿತ್ತಲ್ರೀ, ಯಾಕೆ ಕೆದಕೋಕೆ ಹೋದ್ರಿ?"

ಪ್ರದರ್ಶನ ಮುಂದಕ್ಕೆ ಹೋಯಿತು. ನಾವಿಬ್ಬರೂ ಕೂತು ರೋಲರಿನ ಎಳೆತವನ್ನು ಸಮೀಕರಣಕ್ಕೆ ಸೇರಿಸಿದೆವು. ಈ ಸಲ ಹನಿಗಳು ಉದ್ದವಾದವು, ಆದರೆ ಕೆಲವು ಸೊಟ್ಟ, ಕೆಲವು ಮೋಟು. ಮನೆಗಳನ್ನು ಹೇಗೆ ತಿರುಗಿಸಿದರೂ ಅವು ಮಾತ್ರ ಜಗ್ಗಲಿಲ್ಲ.

ಪ್ರದರ್ಶನದ ದಿನ ಗಿರಾಕಿಗಳ ಪೈಕಿ ಒಬ್ಬರು, "ಇದು ಅಷ್ಟು ನೀಟಾಗಿಲ್ವಲ್ಲ?" ಎಂದು ಹುಬ್ಬು ಗಂಟಿಕ್ಕಿದರು.

"ನಿಮ್ ಫಿಲ್ಮೂ ನೀಟಾಗಿಲ್ಲ ಸಾರ್," ಎಂದು ಗೆಳೆಯ ಪೀಣ್ಯದ ಫಿಲ್ಮಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ಅಲ್ಲೂ ಕೆಲವು ಸೊಟ್ಟ, ಕೆಲವು ಮೋಟು. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಹನಿಯನ್ನು ನೋಡತೊಡಗಿದರು.