ಅಟ್ಟಕ್ಕೆ ಹಾಕಿದ ಸೀಟು

ನಮ್ಮಣ್ಣ ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದವನು, ಎಂಬತ್ತರ ದಶಕದ ಕೊನೆಯಲ್ಲಿ ನಿವೃತ್ತನಾಗಿ ದಬ್ಬೇಘಟ್ಟದ ಹತ್ತಿರದ ನಮ್ಮೂರಿಗೆ ಬಂದ. ತೋಟ ನೋಡಿಕೊಳ್ಳುತ್ತಾನೆ ಅಂದುಕೊಂಡರೆ, ನಡುಮನೆಯಲ್ಲಿ ಮೇಜು ಹಾಕಿಕೊಂಡು ಪ್ಲಾಸ್ಟಿಕ್ ವಿಮಾನ ಅಂಟಿಸುತ್ತಾ ಕೂತ. ತಾನು ದುಡಿದ ವಿಮಾನದ್ದೇ ಮಾದರಿ, ಮೊಳದುದ್ದವೂ ಇಲ್ಲ. ಸ್ಕೂಲ್ ಟೀಚರಾಗಿ ತವರಿನಲ್ಲೇ ಉಳಿದಿದ್ದ ನಾನು, ಈ ವಯಸ್ಸಿನಲ್ಲಿ ಬೊಂಬೆಯಾಟವೇ ಎಂದು ದಿನಾ ಆಡಿಕೊಳ್ಳುತ್ತಿದ್ದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

ಮಾದರಿ ಬಂದ ಡಬ್ಬಿಯಲ್ಲಿ ಎಲ್ಲ ಭಾಗಗಳೂ ಇದ್ದವು. ಪೈಲಟ್ ಕೂರುವ ಸೀಟು ಮಾತ್ರ ಅವನಿಗೆ ಹಿಡಿಸಲಿಲ್ಲ. ಇದು ಸೀಟಲ್ಲ, ಊಟದ ಮಣೆ ಎಂದು ಎತ್ತಿಟ್ಟ. ಇಂಥ ಮಾದರಿಗಳಿಗೆಂದೇ ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥದ್ದನ್ನು ಎರಕ ಹೊಯ್ದು ಬಿಡಿಭಾಗ ಮಾರುವವರು ವಿದೇಶದಲ್ಲಿದ್ದರಂತೆ. ಅಲ್ಲಿದ್ದ ಸ್ನೇಹಿತನಿಗೆ ಬರೆದು ಆರು ತಿಂಗಳು ಅಂಚೆಯವನ ದಾರಿ ಕಾದ. ಬಂದದ್ದು ಬೆರಳ ತುದಿಯಷ್ಟು ಸೀಟು. ಆದರೆ ಬೆಲ್ಟು, ಬಕಲ್ಲು, ತಲೆಯ ಮೇಲಿನ ಹಿಡಿ, ಎಲ್ಲ ಎದ್ದು ಕಾಣುತ್ತಿತ್ತು. ಅಪಾಯ ಬಂದಾಗ ಆ ಹಿಡಿ ಎಳೆದರೆ ಸೀಟು ಪೈಲಟ್ ಸಮೇತ ಹೊರಕ್ಕೆ ಚಿಮ್ಮಬೇಕು ಎಂದು ವಿವರಿಸಿದ. ಸೇನೆಯಲ್ಲಿ ಅವನು ನೋಡಿಕೊಳ್ಳುತ್ತಿದ್ದದ್ದು ಅಂಥ ಸೀಟುಗಳನ್ನೇ. ಇದೊಂದು ನೆಟ್ಟಗಿದ್ದರೆ ಸಾಕು, ಮಿಕ್ಕಿದ್ದು ಹೇಗಾದರೂ ಇರಲಿ ಎಂದ.

ಶ್ರಾವಣದ ಜಡಿ. ಸೀಟಿಗೆ ಬಳಿದ ಬಣ್ಣ ಎರಡು ದಿನವಾದರೂ ಒಣಗಲಿಲ್ಲ. ಮೂರನೆಯ ದಿನ ಅಣ್ಣ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೋದ. ಒಣಗಬೇಕಾದ್ದನ್ನು ಎಲ್ಲಿಡಬೇಕೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕೇ? ವರ್ಷಗಟ್ಟಲೆ ತೆಂಗಿನಕಾಯಿ ಅಟ್ಟದ ಮೇಲೆ ಒಲೆಯ ಕಾವಿಗೇ ಕೊಬ್ಬರಿಯಾಗುವುದು. ಸೀಟನ್ನು ತಗಡಿನ ಡಬ್ಬಿಯ ಮುಚ್ಚಳದಲ್ಲಿಟ್ಟು, ಒಲೆಯ ನೆತ್ತಿಗೆ ಸರಿಯಾಗಿ, ಕಾಯಿಗಳ ನಡುವೆ ಇಟ್ಟುಬಂದೆ. ಅವತ್ತು ಸೋಮವಾರ, ಮನೆಯಲ್ಲಿ ಹೋಳಿಗೆ. ಬೆಳಗಿನಿಂದ ಒಲೆ ಆರಲಿಲ್ಲ.

ಸಂಜೆ ಅಣ್ಣ ಬಂದಾಗ ಜಂಬದಿಂದ ಮುಚ್ಚಳ ಇಳಿಸಿದೆ. ಮುಟ್ಟಿದರೆ ಸುಡುತ್ತಿತ್ತು. ಸೀಟಿನ ಬೆನ್ನು ಮುಂದಕ್ಕೆ ಮಡಚಿಕೊಂಡಿತ್ತು, ಹಿಡಿ ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಅವನು ಬೈಯುವ ಮೊದಲೇ ನಾನೇ ಜೋರು ಮಾಡಿದೆ: ಒಂದು ಒಲೆಯ ಕಾವು ತಡೆಯದ್ದು ಅದೆಂಥ ಸಾಮಾನು?

ಅವನು ಬೈಯಲಿಲ್ಲ. ಮುಚ್ಚಳ ಹಿಡಿದು ಅಲ್ಲೇ ಹೊಸ್ತಿಲ ಮೇಲೆ ಕೂತ.

“ಹಿಂಗೇ ಸಿಕ್ತು ಕಣೇ, ಹೊಲದಲ್ಲಿ.”

ಅವನೇ ಹೇಳಿದ. ಒಂದು ಬೆಳಿಗ್ಗೆ ತಾನೇ ತಪಾಸಣೆ ಮಾಡಿ ಸಹಿ ಹಾಕಿದ ಸೀಟು. ವಿಮಾನ ಯಾರದೋ ಹೊಲಕ್ಕೆ ಬಿತ್ತು, ಸೀಟು ಚಿಮ್ಮಲೇ ಇಲ್ಲ, ಪೈಲಟ್ ಅದರಲ್ಲೇ ಹೋದ. ನಿನ್ನ ತಪ್ಪೇನಿಲ್ಲ ಎಂದು ವಿಚಾರಣೆಯವರು ಬರೆದುಕೊಟ್ಟರಂತೆ. ಆಮೇಲೆ ಎಷ್ಟು ಸಲ ರಜೆಗೆ ಬಂದಿದ್ದ, ನಮ್ಮ ಜೊತೆ ಕೂತು ಉಂಡಿದ್ದ, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅಂಥವನ ಎದುರು ನಾನು ದಿನಾ ಬೊಂಬೆಯಾಟ ಅಂದಿದ್ದೆ.

ಆಮೇಲೆ ಬಿಸಿನೀರು ಕೇಳಿದ. ಕಾವಿಗೆ ಬಗ್ಗಿದ್ದು ಕಾವಿಗೇ ನೆಟ್ಟಗಾಗುತ್ತದಂತೆ. ಬಟ್ಟಲಲ್ಲಿ ಅದ್ದಿ, ಬೆರಳು ಸುಡುತ್ತಿದ್ದರೂ ಬಿಡದೆ, ಬೆನ್ನನ್ನು ಹಿಂದಕ್ಕೆ ತಂದ, ಹಿಡಿಯನ್ನು ಮೇಲೆತ್ತಿದ, ತಣ್ಣೀರಿಗೆ ಹಾಕಿದ. ಒರೆಸಿ ನನ್ನ ಅಂಗೈಗಿಟ್ಟ. ನೆಟ್ಟಗಾಗಿದೆ ಬುಡು ಅಣ್ಣಯ್ಯ ಅಂದೆ.

“ಸರಿಯಾಗಿ ನೋಡು. ಅವತ್ತು ನಾನೊಬ್ನೇ ನೋಡಿದ್ದೆ.”

ನಾನು ಕನ್ನಡಕ ತಂದು, ದೀಪದ ಹತ್ತಿರ ಹಿಡಿದು ನೋಡಿದೆ.