ಹೂವಿನಲ್ಲೇ ಕೊಂಡ ತೋಪು

ನಾನು ಹುಟ್ಟಾ ಹೆದರುಪುಕ್ಕಲ. ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತನ ಕೆಲಸ. ಸಂಬಳದಲ್ಲಿ ಉಳಿದದ್ದೆಲ್ಲ ಬ್ಯಾಂಕಿನ ಎಫ್‌ಡಿಗೆ. ಚಿಂತಾಮಣಿಯಲ್ಲಿರುವ ನನ್ನ ಸೋದರತ್ತೆ ಮಾತ್ರ ಬೇರೆಯೇ ಜಾತಿಯ ಗಟ್ಟಿಗಿತ್ತಿ. ಗಂಡ ಹೋದ ಮೇಲೆ ರವಿಕೆ ಹೊಲಿದೇ ಬದುಕಿದವಳು. ಅವಳ ಮನೆಗೆ ಶೀಟಿನ ಸೂರು. ಮಳೆ ಬಂದರೆ ಹೊಲಿಗೆ ಮಿಷನ್ನಿಗೆ ಟಾರ್ಪಾಲು ಹೊದಿಸಬೇಕು. ಕಾಂಕ್ರೀಟ್ ಮೋಲ್ಡ್ ಹಾಕಿಸಬೇಕೆಂದು ವರ್ಷಗಟ್ಟಲೆ ಕೂಡಿಟ್ಟರೂ ಬೇಕಾದದ್ದರ ಅರ್ಧವಷ್ಟೇ ಆಗಿತ್ತು. ಆ ಅರ್ಧವನ್ನು ಮಾವಿನ ಹೂವಿಗೆ ಹಾಕುತ್ತೇನೆ ಎಂದಾಗ ನನಗೆ ರೇಗಿಹೋಯಿತು.

ನಮ್ಮ ಕಡೆ ತೋಪಿನ ಫಸಲನ್ನು ಮರದ ಮೇಲಿರುವಾಗಲೇ ಕೊಳ್ಳುತ್ತಾರೆ. ಕಾಯಿ ಬಲಿತ ಮೇಲೆ ಕೊಂಡರೆ ಬೆಲೆ ಹೆಚ್ಚು, ಭಯ ಕಡಿಮೆ. ಹೂವಿನಲ್ಲೇ ಕೊಂಡರೆ ಅಗ್ಗ, ಆದರೆ ಮಂಜು, ಹುಳ, ಆಲಿಕಲ್ಲು ಎಲ್ಲವೂ ಕೊಂಡವರ ತಲೆಗೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದಂಗಾಯ್ತು. ಸುಮ್ನೆ ಎಫ್‌ಡಿ ಇಡು ಅತ್ತೆ," ಅಂದೆ.

"ಕುಲಾವಿ ಹೊಲಿಯೋದೇ ನನ್ ಕಸುಬು ಕಣೋ! ನಿನ್ ಎಫ್‌ಡಿ ಬೆಳೆಯೋ ಹೊತ್ಗೆ ಸಿಮೆಂಟ್ ರೇಟು ಅದಕ್ಕಿಂತ ಎತ್ತರ ಬೆಳ್ದಿರ್ತದೆ."

ಹಾಗಂತ ಅವಳು ಕಣ್ಣುಮುಚ್ಚಿ ಹಾರಿದವಳಲ್ಲ. ತಾನು ಕಣ್ಣಿಟ್ಟಿದ್ದ ತೋಪಿಗೆ ಮೂರು ವರ್ಷ ಅಲೆದು, ಯಾವ ಮರ ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ, ಯಾವುದು ಬರೀ ಹೂವಿನ ಆಡಂಬರ ಎಂದು ನೋಡಿಟ್ಟುಕೊಂಡಿದ್ದಳು. ಸಂಕ್ರಾಂತಿ ಕಳೆದ ಮೇಲೆ ಫಸಲಿನ ಬೆಲೆಯಲ್ಲಿ ಅರ್ಧ ಮುಂಗಡ ಕೊಟ್ಟಳು. ಬಾಕಿ ಕಾಯಿ ಇಳಿಸುವಾಗ ಎಂದು ಮಾತಾಯಿತು.

ಏಪ್ರಿಲ್‌ನ ಒಂದು ಸಂಜೆ ಕಾಲು ಗಂಟೆ ಆಲಿಕಲ್ಲು ಸುರಿಯಿತು. ಮಾರನೆಯ ದಿನ ನಾನೂ ತೋಪಿಗೆ ಹೋದೆ. ಕಾಲಿಡಲು ಜಾಗವಿಲ್ಲದಂತೆ ಕಾಯಿ ಉದುರಿತ್ತು. 'ನಾನು ಹೇಳಲಿಲ್ವಾ?' ಎನ್ನುವ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು. ಥೂ, ನನ್ನ ಬುದ್ಧಿಗಿಷ್ಟು!

ತೋಪಿನ ಯಜಮಾನ ತೆಲುಗು ಮಾತಾಡುವವನು, ಮರುಕವುಳ್ಳ ಮನುಷ್ಯ. "ಸಗಂ ಇಸ್ತೇ ಚಾಲು ಅಕ್ಕಾ," ಅಂದ. ಬಾಕಿಯಲ್ಲಿ ಅರ್ಧ ಕೊಟ್ಟರೆ ಸಾಕಂತೆ. ಒಪ್ಪಿಕೋ ಎಂದು ಅವಳ ಮೊಣಕೈ ತಿವಿದೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಹೂವು ನೋಡಿ ತಗೊಂಡೋಳು ನಾನು. ಫಸಲು ಎರಡರಷ್ಟು ಬಂದಿದ್ರೆ ನಿಂಗೆ ಪಾಲು ಕೊಡ್ತಿದ್ನೇನಪ್ಪಾ? ಇಲ್ವಲ್ಲ," ಅಂದಳು.

ಪೂರ್ತಿ ಕೊಟ್ಟಳು. ಉಳಿದ ಕಾಯಿ ಮಾರಿದರೆ ಹಾಕಿದ್ದರಲ್ಲಿ ಕಾಲುಭಾಗವೂ ಹುಟ್ಟಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೂ ಕಾಣದವನಂತೆ ಕೂತಿದ್ದೆ. ಆ ಮಳೆಗಾಲವೂ ಟಾರ್ಪಾಲೇ ಗತಿಯಾಯಿತು.

ಆಮೇಲೆ ಮದುವೆ ಕಾಲದ ರವಿಕೆಗಳನ್ನೆಲ್ಲ ಒಪ್ಪಿಕೊಂಡು ಹೊಲಿದು, ಮತ್ತೆ ಒಂದಿಷ್ಟು ಕೂಡಿಸಿದಳು. ಈ ಸಂಕ್ರಾಂತಿಗೆ ಹೋದರೆ ಮತ್ತೆ ಹೂವಿನ ಮಾತು! ಈ ಸಲ ಎರಡು ಊರಲ್ಲಿ ಎರಡು ಚಿಕ್ಕ ತೋಪು.

"ಎರಡೂರ್ಗೂ ಒಂದೇ ದಿನ ಆಲಿಕಲ್ಲು ಬೀಳಲ್ಲ ಕಣೋ."

ಎಂಥ ಎದೆಗಾರಿಕೆ! ನನಗೂ ಹುರುಪು ಬಂತು. "ನಾನೂ ಹಾಕ್ತೀನಿ ಅತ್ತೆ," ಅಂದುಬಿಟ್ಟೆ.

"ಹಾಕು. ಆದ್ರೆ ಮನೇಲಿ ಹೇಳ್ಬಿಟ್ಟು ಬಾ. ಹೋದ್ರೆ ಹೋಯ್ತು ಅನ್ನೋ ಅಷ್ಟನ್ನ ಮಾತ್ರ ತಗೊಂಬಾ."

ಮನೆಗೆ ಬಂದು ಬೀರು ತೆಗೆದು ಎಫ್‌ಡಿ ರಸೀದಿಗಳನ್ನು ಮಂಚದ ಮೇಲೆ ಹರಡಿದೆ. ಒಂದು ಮಗಳ ಮದುವೆಗೆ, ಒಂದು ಆಸ್ಪತ್ರೆಗೆ, ಒಂದು ಮುಪ್ಪಿಗೆ. ಇನ್ನೊಂದು ಯಾತಕ್ಕೆ ಎಂದು ನನಗೇ ನೆನಪಿಲ್ಲ. "ಅದನ್ನ ಹಾಕಿಬಿಡಿ," ಎಂದು ಹೆಂಡತಿಯೇ ಹೇಳಿದಳು. ಅದನ್ನೂ ಎತ್ತಿಕೊಳ್ಳಲು ಕೈ ಬರಲಿಲ್ಲ.

ಭಾನುವಾರ ಬರಿಗೈಲಿ ಹೋದೆ. ಅತ್ತೆ ಚಪ್ಪಲಿ ಮೆಟ್ಟಿ ಹೊರಟೇ ನಿಂತಿದ್ದಳು. "ಬಾರಪ್ಪ, ಮರ ಎಣಿಸಣ," ಅಂದಳು. ತೋಪಿನಲ್ಲಿ ಅವಳು ಹೂವು ನೋಡುತ್ತಾ ಮುಂದೆ ಮುಂದೆ ಹೋದಳು. ನಾನು ಆಕಾಶ ನೋಡುತ್ತಾ ಅವಳ ಹಿಂದೆ ನಡೆದೆ.